ನರೆತ ತಲೆಗೆ ಬಾಚಣಿಗೆಯೇಕೆ?

ಈ ಸ್ಮರಣ ಸಂಚಿಕೆಗೆ ಲೇಖನವನ್ನು ಕೇಳಿದವರು ಅದರೊಡನೆ ಒಂದು ಭಾವಚಿತ್ರವನ್ನೂ ಕೇಳಿದ್ದರು. ಲೇಖನಕ್ಕೆ ಒಂದು ತಿಂಗಳ ಅವಧಿಯಿತ್ತು. ಭಾವಚಿತ್ರ ಮಾತ್ರ ಕೂಡಲೇ ಬೇಕೆಂದು ಸಮಿತಿಯ ತರುಣರೊಬ್ಬರು, ಒಂದು ಕಾಲದಲ್ಲಿ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವರೇ, ಮನೆಯ ಜಗಲಿಯವರೆಗೆ ಬಂದು ಮೊಬೈಲಿನಲ್ಲಿ ಚಿತ್ರ ತೆಗೆದರು. ತೆಗೆದ ಮೇಲೆ ಅದರ ಮೇಲೆ ಎರಡು ಸಲ ಬೆರಳಾಡಿಸಿ, "ನೋಡಿ ಮಾಷ್ಟ್ರೇ, ಹೇಗಾಯಿತು!" ಎಂದು ನಮ್ಮ ಮುಂದೆ ಹಿಡಿದರು. ತಲೆ ಕಾಡಿಗೆಯಂತೆ ಕಪ್ಪಾಗಿತ್ತು. ಹಣೆಯ ಸುಕ್ಕುಗಳೂ ಅಳಿಸಿಹೋಗಿದ್ದವು. ಚಿತ್ರದಲ್ಲಿದ್ದವರು ನಮಗೆ ಅಪರಿಚಿತರೇನಲ್ಲ. ಸುಮಾರು 1985ರಲ್ಲಿ ಅವರನ್ನು ನಾವು ಕೊನೆಯದಾಗಿ ಕನ್ನಡಿಯಲ್ಲಿ ಕಂಡಿದ್ದೆವು. ಆದರೆ ಅಂದು ಅವರ ಮೂಗಿನ ಮೇಲೆ ಇಷ್ಟು ದಪ್ಪ ಗಾಜಿನ ಕನ್ನಡಕವಿರಲಿಲ್ಲ.

"ಇದು ಬೇಡಪ್ಪ, ಸುಳ್ಳಾಗುತ್ತದೆ" ಎಂದೆವು. ಶಿಷ್ಯರು ನಕ್ಕು, ಹಾಗಾದರೆ ನಾಳೆ ಬೇರೆಯದನ್ನು ಕಳುಹಿಸಿಕೊಡಿ ಎಂದು ಹೊರಟುಹೋದರು. ಸತ್ಯವನ್ನು ಎತ್ತಿಹಿಡಿದ ಸಮಾಧಾನದಿಂದ ನಾವು ಒಳಗೆ ಬಂದೆವು. ಬಂದವರು ಮಾಡಿದ ಮೊದಲ ಕೆಲಸವೇನೆಂದರೆ, ಬಚ್ಚಲಿನ ಬಳಿಯ ಕನ್ನಡಿಯ ಮುಂದೆ ನಿಂತು, ಬಾಚಣಿಗೆಯನ್ನು ನೀರಿನಲ್ಲಿ ಅದ್ದಿ, ಕಿವಿಯ ಮೇಲೆ ಕೆದರಿ ನಿಂತಿದ್ದ ಬಿಳಿಯ ಎಳೆಗಳನ್ನು ಕೂರಿಸಿ, ಬೈತಲೆಯನ್ನು ನೆಟ್ಟಗೆ ಮಾಡಿಕೊಂಡದ್ದು. ಆಗ ಕೈ ಅಲ್ಲಿಯೇ ತಡೆಯಿತು. ಬಣ್ಣ ಸುಳ್ಳಾದರೆ ಬೈತಲೆ ಏನು? ಇದ್ದುದನ್ನು ಇದ್ದಂತೆಯೇ ತೋರಿಸುವುದು ಸತ್ಯವಾದರೆ ಕೆದರಿದ ತಲೆಯೇ ಅಲ್ಲವೇ ಹೆಚ್ಚು ಸತ್ಯ? ಬರೆಯಬೇಕೆಂದುಕೊಂಡಿದ್ದ ವಿಷಯ ಬೇರೆಯಿತ್ತು. ಅದನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇವೆ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ತಲೆಗೂದಲಿನ ವಿಚಾರವೇ ಎಂದು ಹುಬ್ಬೇರಿಸುವವರು, ನಮ್ಮ ಸಮ್ಮೇಳನಗಳ ಸಭಾಂಗಣವನ್ನು ವೇದಿಕೆಯ ಮೇಲಿಂದ ಒಮ್ಮೆ ನೋಡಬೇಕೆಂದು ವಿನಂತಿ.

ನಮ್ಮ ಹಿರಿಯರು ನರೆಯನ್ನು ಕುರಿತು ಹೇಳಿದ್ದು ಕಡಿಮೆಯಲ್ಲ. ಮಖಾದೇವನೆಂಬ ರಾಜನ ಜಾತಕಕಥೆಯನ್ನು ಅನೇಕರು ಕೇಳಿರಬಹುದು. ತಲೆಯಲ್ಲಿ ಮೊದಲ ಬಿಳಿಗೂದಲು ಕಂಡ ದಿನ ತಿಳಿಸಬೇಕೆಂದು ಆತ ತನ್ನ ಕ್ಷೌರಿಕನಿಗೆ ಆಜ್ಞಾಪಿಸಿದ್ದ. ಕ್ಷೌರಿಕ ಬಹುಕಾಲದ ಮೇಲೆ ಒಂದು ದಿನ ಆ ಎಳೆಯನ್ನು ಚಿನ್ನದ ಚಿಮಟಿಗೆಯಿಂದ ಕಿತ್ತು ಅಂಗೈಯಲ್ಲಿಟ್ಟ. ರಾಜ ಅವನಿಗೊಂದು ಗ್ರಾಮವನ್ನು ಕೊಟ್ಟು, ಮಗನಿಗೆ ರಾಜ್ಯವನ್ನು ಕೊಟ್ಟು ಹೊರಟುಹೋದ. ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಯ ವೇಷ ಧರಿಸಿ ದಶರಥನ ಕಿವಿಯ ಬಳಿ ಬರುತ್ತದೆ. ಕೈಕೇಯಿಗೆ ಕೇಳಿಸೀತೆಂಬ ಅಂಜಿಕೆಯಿಂದಲೋ ಎಂಬಂತೆ, ರಾಮನಿಗೆ ರಾಜ್ಯಲಕ್ಷ್ಮಿಯನ್ನು ಒಪ್ಪಿಸೆಂದು ಪಿಸುಗುಟ್ಟುತ್ತದೆ. ಮನುಸ್ಮೃತಿಯ ಆರನೆಯ ಅಧ್ಯಾಯ, ಸುಕ್ಕನ್ನೂ ನರೆಯನ್ನೂ ಮೊಮ್ಮಗನನ್ನೂ ಕಂಡ ಗೃಹಸ್ಥನಿಗೆ ಕಾಡಿನ ದಾರಿ ತೋರಿಸುತ್ತದೆ. ಅದೇ ಸ್ಮೃತಿ ಬೇರೊಂದೆಡೆ, ತಲೆ ನರೆತ ಮಾತ್ರಕ್ಕೆ ಯಾರೂ ಹಿರಿಯರಾಗುವುದಿಲ್ಲವೆಂದೂ ಹೇಳುತ್ತದೆ. ಧಮ್ಮಪದದ ಅಭಿಪ್ರಾಯವೂ ಅದೇ. (ಈ ಮಾತನ್ನು ನಮ್ಮ ಕೂದಲು ಕಪ್ಪಗಿದ್ದಾಗ ಹಿರಿಯ ಅಧ್ಯಾಪಕರ ಮುಂದೆ ಬಹಳ ಉತ್ಸಾಹದಿಂದ ಉದ್ಧರಿಸುತ್ತಿದ್ದೆವು.) ಬಸವಣ್ಣನವರಂತೂ ನರೆಗಾಗಿ ಕಾಯುವುದೇ ಬೇಡ, ಅದು ಬರುವ ಮೊದಲೇ ಪೂಜೆಗೆ ತೊಡಗು ಎಂದು ಎಚ್ಚರಿಸಿದರು. ಆ ವಚನದಲ್ಲಿ ನರೆಯ ಜೊತೆಗೆ ಬೆನ್ನು ಬಾಗುವುದೂ ಪರರ ಕೈಯನ್ನು ನೆಚ್ಚಬೇಕಾಗುವುದೂ ಒಂದೇ ಸಾಲಿನಲ್ಲಿ ಬರುತ್ತವೆ ಎಂಬುದನ್ನು ನಾವು ಎಷ್ಟೋ ವರ್ಷ ಪಾಠ ಮಾಡಿಯೂ ಗಮನಿಸಿರಲಿಲ್ಲ.

ಇವರೆಲ್ಲರೂ ನರೆಯನ್ನು ಓಲೆಯೆಂದು ಬಗೆದವರು. ಓಲೆ ಬಂದಿತು, ಓದಿಕೊಂಡರು, ಎದ್ದುಹೋದರು. ಎದ್ದುಹೋಗದೆ ಮನೆಯಲ್ಲಿಯೇ ಉಳಿದವನು ಮರುದಿನ ಬೆಳಿಗ್ಗೆ ಆ ತಲೆಯನ್ನು ಏನು ಮಾಡಬೇಕೆಂಬುದನ್ನು ಯಾರೂ ಹೇಳಲಿಲ್ಲ. ದಶರಥನಿಗೆ ಒಪ್ಪಿಸಲು ರಾಜ್ಯವಿತ್ತು. ನಾವು ಒಪ್ಪಿಸಿದ್ದು ಒಂದು ಕಬ್ಬಿಣದ ಕಪಾಟಿನ ಬೀಗದ ಕೈಯನ್ನೂ ಹಾಜರಿ ಪುಸ್ತಕಗಳನ್ನೂ ಅಷ್ಟೆ. ಆ ಮೇಲೆಯೂ ಪಿಂಚಣಿಗೆಂದು ಖಜಾನೆಗೆ ಹೋಗಬೇಕು, ಪಡಿತರದಂಗಡಿಯಲ್ಲಿ ನಿಲ್ಲಬೇಕು, ಮದುವೆ ಮುಂಜಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂರಬೇಕು. ಕಾಡಿಗೆ ಹೋದವನಿಗೆ ಜಟೆ ಭೂಷಣ. ಊರಿನಲ್ಲಿ ಉಳಿದವನಿಗೆ?

ಮೊದಲು ಬಣ್ಣದ ಮಾತನ್ನು ಮುಗಿಸೋಣ. ಕೂದಲು ಬೆಳ್ಳಗಾಯಿತು ಎನ್ನುತ್ತೇವೆ. ಆದರೆ ತಲೆಯ ಮೇಲಿರುವ ಕರಿಯ ಎಳೆ ತಾನಾಗಿ ಬಿಳಿದಾಗುವುದಿಲ್ಲ. ಬುಡದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ಬೆರೆಸುವ ಕೋಶಗಳು ಕೆಲಸ ನಿಲ್ಲಿಸಿದ ಮೇಲೆ ಹುಟ್ಟುವ ಎಳೆ ಬಿಳಿದಾಗಿಯೇ ಹುಟ್ಟುತ್ತದೆ. ಕರಿದೂ ಬಿಳಿದೂ ಬೆರೆತು ನಿಂತಾಗ ದೂರದಿಂದ ಬೂದುಬಣ್ಣವಾಗಿ ತೋರುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದರೂ ಎರಡು ಮೂರು ವಾರಗಳೊಳಗೆ ಬೈತಲೆಯ ಬುಡದಲ್ಲಿ ಬಿಳಿಯ ಗೆರೆ ಇಣುಕಿ ನೋಡುತ್ತದೆ. ಆದುದರಿಂದ ಬಣ್ಣ ಹಚ್ಚುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ಒಂದು ನೌಕರಿ. ಮದರಂಗಿ ಹಚ್ಚಿದರೆ ಬಿಳಿಯ ಎಳೆ ಕಿತ್ತಳೆಯ ಛಾಯೆಗೆ ತಿರುಗುತ್ತದೆ. ಅದರ ಮೇಲೆ ನೀಲಿಯ ಎಲೆಯ ಪುಡಿ ಹಚ್ಚಿದರೆ ಕಪ್ಪಿನ ಹತ್ತಿರ ಬರುತ್ತದೆ. ಅಂಗಡಿಯಲ್ಲಿ ದೊರೆಯುವ ಕಪ್ಪು ಬಣ್ಣಗಳಲ್ಲಿ ಅನೇಕವುಗಳಲ್ಲಿರುವ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ನಮ್ಮ ಮಿತ್ರರೊಬ್ಬರು ಮಗಳ ಮದುವೆಯ ಹಿಂದಿನ ದಿನ ಮೊದಲ ಬಾರಿಗೆ ಹಚ್ಚಿಕೊಂಡು, ಮದುವೆಯ ದಿನ ಕಣ್ಣು ಮುಖಗಳೆಲ್ಲ ಊದಿ, ಧಾರೆಯೆರೆಯುವ ಹೊತ್ತಿಗೆ ಬಂದ ಬೀಗರಿಗೇ ಗುರುತು ಸಿಗದಂತಾದರು.

ಹಾಗೆಂದು ಬಣ್ಣ ಹಚ್ಚುವವರನ್ನು ಸುಳ್ಳುಗಾರರೆನ್ನಲು ನಮಗೆ ಮನಸ್ಸಾಗದು. ಬೆಳಿಗ್ಗೆ ಪೇಟೆಯ ರಸ್ತೆಬದಿಯಲ್ಲಿ ಕೂಲಿಗೆ ಕಾಯುತ್ತ ನಿಲ್ಲುವವರಲ್ಲಿ ಐವತ್ತು ದಾಟಿದವರೂ ಇದ್ದಾರೆ. ಮೇಸ್ತ್ರಿ ಬಂದು ಮೊದಲು ನೋಡುವುದು ತಲೆಯನ್ನು. ಅಂಥವರೊಬ್ಬರು ಐದೋ ಹತ್ತೋ ರೂಪಾಯಿಯ ಪೊಟ್ಟಣವನ್ನು ತಂದು ಹಚ್ಚಿಕೊಂಡರೆ ಅದರಲ್ಲಿ ಒಣ ಡಂಭವೆಲ್ಲಿ ಬಂತು? ಅವರ ತೋಳಿನ ಬಲವೇನೂ ಕಡಿಮೆಯಾಗಿಲ್ಲ; ನೋಡುವವನ ಕಣ್ಣು ಮೋಸ ಹೋಗದಿರಲಿ ಎಂದೇ ಅವರು ಹಚ್ಚುತ್ತಾರೆ. ನಮ್ಮದು ತೆಂಕುತಿಟ್ಟಿನ ನಾಡು, ಪಾರ್ತಿಸುಬ್ಬನ ಕುಂಬಳೆ ನಮ್ಮ ಪಕ್ಕದಲ್ಲಿದೆ. ಅರುವತ್ತು ದಾಟಿದ ಸ್ತ್ರೀವೇಷಧಾರಿ ಮೊಣಕಾಲಿನವರೆಗಿನ ಜಡೆ ಇಳಿಬಿಟ್ಟು ದಮಯಂತಿಯಾಗಿ ರಂಗಕ್ಕೆ ಬಂದಾಗ ಮೋಸವಾಯಿತೆಂದು ಯಾರೂ ಎದ್ದು ಹೋಗುವುದಿಲ್ಲ. ನೋಡುವವರಿಗೂ ಗೊತ್ತು, ನೋಡಿಸಿಕೊಳ್ಳುವವರಿಗೂ ಗೊತ್ತು, ಅಲ್ಲಿ ಒಪ್ಪಂದವಿದೆ. ಸುಳ್ಳಾಗುವುದು ಆ ಒಪ್ಪಂದವಿಲ್ಲದ ಕಡೆ, ಅದರಿಂದ ಯಾರಿಗಾದರೂ ನಷ್ಟವಾಗುವ ಕಡೆ. ವರನ ವಯಸ್ಸನ್ನು ಮರೆಮಾಚಲು ಹಚ್ಚಿದ ಬಣ್ಣಕ್ಕೂ ಕೂಲಿಗೆ ನಿಂತವರ ಬಣ್ಣಕ್ಕೂ ಒಂದೇ ಪೊಟ್ಟಣವಿರಬಹುದು, ಒಂದೇ ತೀರ್ಪು ಸಲ್ಲದು. ನಾವು ಬೇಡವೆಂದದ್ದು ಕೇವಲ ನಮ್ಮ ಮಟ್ಟಿಗೆ. ನಮ್ಮ ಹೆಸರಿನ ಕೆಳಗೆ ನಿವೃತ್ತ ಮುಖ್ಯೋಪಾಧ್ಯಾಯರು ಎಂದು ಅಚ್ಚಾಗುವಾಗ ಮೇಲೆ ಕರಿಯ ತಲೆಯೊಂದು ಕುಳಿತಿದ್ದರೆ ಸಂಚಿಕೆಯ ಓದುಗರು ಸ್ವಯಂನಿವೃತ್ತಿಯ ಕಾರಣವನ್ನು ಊಹಿಸಲು ತೊಡಗಿಯಾರು.

ಇನ್ನು ಎರಡನೆಯ ಪಕ್ಷ. ಬಹಳ ವರ್ಷಗಳ ಕಾಲ ನಾವು ಆ ಪಕ್ಷದವರು. ವಯಸ್ಸಾದವನಿಗೆ ಅಲಂಕಾರವೇಕೆ, ತಲೆ ಹೇಗಿದ್ದರೇನು ಎಂಬ ಉದಾಸೀನವನ್ನೇ ವೈರಾಗ್ಯವೆಂದು ತಿಳಿದಿದ್ದೆವು. ನಿವೃತ್ತರಾದ ಮೇಲೆ ನಾಲ್ಕಾರು ದಿನ ಗಡ್ಡ ಬಿಟ್ಟು, ಕೆದರಿದ ತಲೆಯಲ್ಲಿಯೇ ಸಭೆಗಳಿಗೂ ಹೋಗುತ್ತಿದ್ದುದುಂಟು. ಅದರಲ್ಲಿ ಒಂದು ಬಗೆಯ ಹೆಮ್ಮೆಯಿತ್ತೆಂಬುದನ್ನು ಈಗ ಒಪ್ಪಿಕೊಳ್ಳಬೇಕು. ಕೆದರಿದ ತಲೆಯೂ ಒಂದು ವೇಷವೇ. ವಿದ್ವಾಂಸರ ವೇಷ, ವಿರಕ್ತರ ವೇಷ. ನಮ್ಮನ್ನು ಆ ವೇಷದಲ್ಲಿ ಕಂಡ ಧರ್ಮಪತ್ನಿ ಒಂದೇ ಮಾತು ಕೇಳಿದ್ದಳು: "ಶಾಲೆಯ ಮಕ್ಕಳನ್ನು ಇದೇ ತಲೆಗಾಗಿ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದಿರಲ್ಲ?"

ಆ ಮಾತು ತಾಗಿದ್ದು ಏಕೆಂದು ಹೇಳಬೇಕಾದರೆ ಹಳೆಯ ಸಂಗತಿಯೊಂದನ್ನು ಬಿಚ್ಚಿಡಬೇಕು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸಾಲು ಸಾಲಾಗಿ ನಿಂತ ಮಕ್ಕಳ ಉಗುರು, ತಲೆ, ಅಂಗಿಯ ಗುಂಡಿಗಳನ್ನು ಪರೀಕ್ಷಿಸುವುದು ನಮ್ಮ ಕ್ರಮ. ಐದನೆಯ ತರಗತಿಯ ಹುಡುಗಿಯೊಬ್ಬಳು ಸತತ ಮೂರು ದಿನ ಎಣ್ಣೆ ಕಾಣದ, ಗಂಟು ಬಿಡಿಸದ ತಲೆಯಲ್ಲಿ ಬಂದಳು. ಮೂರನೆಯ ದಿನ, ತಲೆ ಬಾಚಿಕೊಂಡು ಬಾ ಎಂದು ಮನೆಗೆ ಕಳುಹಿಸಿದೆವು. ಆಕೆ ಮಾತನಾಡದೆ ಹೋದಳು. ಆ ದಿನ ಮರಳಿ ಬರಲಿಲ್ಲ. ಮರುದಿನ ಸಹೋದ್ಯೋಗಿಯೊಬ್ಬರು ತಿಳಿಸಿದರು: ತಾಯಿ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿ ಹತ್ತು ದಿನವಾಗಿತ್ತು. ಎರಡನೆಯ ತರಗತಿಯಲ್ಲಿ ಆಕೆಯ ತಂಗಿಯಿದ್ದಳು, ಒಂದರಲ್ಲಿ ತಮ್ಮನಿದ್ದ. ಆ ಇಬ್ಬರ ತಲೆಯೂ ಮೂರು ದಿನ ಒಪ್ಪವಾಗಿಯೇ ಇತ್ತು. ತಂಗಿಗೆ ಎರಡು ಜಡೆ, ಕೆಂಪು ರಿಬ್ಬನ್ನು. ನಾವು ಅವರ ಸಾಲಿನ ಮುಂದೆಯೂ ನಡೆದುಹೋಗಿದ್ದೆವು. ಆ ಜಡೆ ಯಾರ ಕೈಯದೆಂದು ಕೇಳುವುದು ನಮ್ಮ ಪರೀಕ್ಷೆಯಲ್ಲಿ ಸೇರಿರಲಿಲ್ಲ. ಆ ಮೇಲೆ ಕರೆದು ಸಮಾಧಾನದ ಮಾತು ಹೇಳಿದೆವು, ನಿಜ. ತಪ್ಪಾಯಿತೆಂಬ ಮಾತನ್ನು ಮಾತ್ರ ಹೇಳಲಿಲ್ಲ. ಮುಖ್ಯೋಪಾಧ್ಯಾಯರು ಮಕ್ಕಳ ಮುಂದೆ ಹಾಗೆ ಹೇಳುವ ಪದ್ಧತಿ ಆಗ ಇರಲಿಲ್ಲವೆಂದು ಬರೆದರೆ ಅದೂ ಒಂದು ಬಣ್ಣ ಹಚ್ಚುವ ಕೆಲಸವೇ ಆದೀತು. ನಮಗೆ ನಾಚಿಕೆಯಾಗಿತ್ತು, ಅಷ್ಟೆ.

ತಲೆಯ ಒಪ್ಪ ಓರಣ ಮನುಷ್ಯನ ಶೀಲವನ್ನು ತೋರಿಸುತ್ತದೆಂದು ಮೂವತ್ತು ವರ್ಷ ಬೋಧಿಸಿದವರಿಗೆ, ಅದು ಹಲವು ಸಲ ತೋರಿಸುವುದು ಮನೆಯಲ್ಲಿ ಇನ್ನೊಂದು ಕೈ ಬಿಡುವಾಗಿತ್ತೇ ಎಂಬುದನ್ನು ಎಂಬ ಅರಿವು ತಡವಾಗಿ ಬಂತು.

ಕೂದಲು ಕ್ಷುಲ್ಲಕ ವಸ್ತುವೆಂದು ತಿಳಿದವರಿಗೆ ನಮ್ಮ ಅಜ್ಜಿಯ ಚಿತ್ರವೊಂದನ್ನು ಕೊಡಬೇಕೆನಿಸುತ್ತದೆ. ಆದರೆ ಆಕೆಯ ಚಿತ್ರವೇ ಇಲ್ಲ. ತೆಗೆಸಲು ಆಕೆ ಒಪ್ಪಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು. ಕೆಂಪು ಸೀರೆಯ ಸೆರಗಿನಡಿಯಲ್ಲಿ ಆಕೆಯ ಬೋಳುತಲೆಯನ್ನು ಬಾಲ್ಯದಲ್ಲಿ ನಾವು ಒಂದೇ ಒಂದು ಸಲ ಕಂಡಿದ್ದೆವು. ಬೆಳಕು ಹರಿಯುವ ಮೊದಲು ಹಿತ್ತಿಲಿನ ತೆಂಗಿನ ಬುಡದಲ್ಲಿ ಕ್ಷೌರಿಕನ ಮುಂದೆ ಕುಳಿತಿದ್ದಳು, ಕಣ್ಣು ಮುಚ್ಚಿತ್ತು. ಕ್ಷೌರಿಕ ಹಾಗಿರಲಿ, ಬೆಳಗಾದೊಡನೆ ಆ ಮುಖ ಮನೆಯವರಿಗೂ ಅಪಶಕುನವಾಗಿತ್ತು. ಶುಭಕಾರ್ಯಗಳ ದಿನ ಆಕೆ ಅಡುಗೆಮನೆಯ ಹಿಂಬಾಗಿಲಿನಿಂದ ಈಚೆ ಬರುತ್ತಿರಲಿಲ್ಲ. ಗುಲ್ವಾಡಿ ವೆಂಕಟರಾಯರು ಬಾಲವಿಧವೆಯ ಪುನರ್ವಿವಾಹವನ್ನು ಕಥಾವಸ್ತುವಾಗಿಸಿ 'ಇಂದಿರಾಬಾಯಿ'ಯನ್ನು ಬರೆದದ್ದು 1899ರಲ್ಲಿ, ನಮ್ಮದೇ ಜಿಲ್ಲೆಯಲ್ಲಿ. ಆ ಕಾದಂಬರಿ ಬಂದು ಎಷ್ಟೋ ದಶಕಗಳಾದ ಮೇಲೆಯೂ ಕ್ಷೌರಿಕ ನಮ್ಮ ಹಿತ್ತಿಲಿಗೆ ಬರುತ್ತಿದ್ದ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಪ್ರಕಟವಾದಾಗ ಶಾಲೆಯ ಗ್ರಂಥಾಲಯಕ್ಕೆ ತರಿಸಿ ಓದಿದೆವು. ಓದಿ ಮುಗಿಸುವಷ್ಟರಲ್ಲಿ ಅಜ್ಜಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳನ್ನು ಲೋಕದ ಕಣ್ಣಿನಿಂದ ತೆಗೆದುಹಾಕಬೇಕಾದಾಗ ಸಮಾಜ ಕೈ ಹಾಕಿದ್ದು ಆಕೆಯ ಕೂದಲಿಗೆ ಎಂಬುದನ್ನು ನೆನೆದರೆ, ತಲೆ ಬಾಚಿಕೊಳ್ಳುವುದನ್ನು ಬರಿಯ ಶೋಕಿಯೆನ್ನಲು ನಾಲಗೆ ಏಳುವುದಿಲ್ಲ.

ಇದರ ಮತ್ತೊಂದು ಮುಖವನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ತಲೆ ಮುಟ್ಟಲು ಒಪ್ಪಲಿಲ್ಲ. ಅವರು ಕತ್ತರಿ ಯಂತ್ರವನ್ನು ಕೊಂಡು ತಾವೇ ಕನ್ನಡಿಯ ಮುಂದೆ ನಿಂತು ಕತ್ತರಿಸಿಕೊಂಡರು. ಮುಂಭಾಗ ಹೇಗೋ ಸರಿಯಾಯಿತು, ಹಿಂಭಾಗ ಕೆಟ್ಟಿತು. ಇಲಿ ತಿಂದಿತೇ ಎಂದು ಕೋರ್ಟಿನಲ್ಲಿ ಗೆಳೆಯರು ನಕ್ಕರು. ಅವರಿಗೆ ಆ ಕ್ಷೌರಿಕನ ಮೇಲೆ ಕೋಪ ಬರಲಿಲ್ಲ. ನಮ್ಮ ಕ್ಷೌರಿಕರು ಅಸ್ಪೃಶ್ಯರೆನಿಸಿದವರ ತಲೆ ಮುಟ್ಟಲು ನಾವು ಬಿಡುವುದಿಲ್ಲವಲ್ಲ, ಅದರ ಪ್ರತಿಫಲ ಇದು ಎಂದು ಅವರಿಗೆ ತೋರಿತು. ನಮ್ಮ ಬಾಲ್ಯದ ಪೇಟೆಯ ಕ್ಷೌರದಂಗಡಿಯ ತಿರುಗುವ ಕುರ್ಚಿಯಲ್ಲಿ ಯಾರು ಕೂರಬಹುದಿತ್ತು, ಯಾರು ಕೂರುವಂತಿರಲಿಲ್ಲ ಎಂಬುದು ನಮ್ಮ ಪ್ರಾಯದವರಿಗೆ ನೆನಪಿದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಇಷ್ಟೆಲ್ಲ ಪೀಠಿಕೆ, ನಿಜವಾಗಿ ಹೇಳಬೇಕಾದದ್ದನ್ನು ಹೇಳಲು ಧೈರ್ಯ ಸಾಲದೆ ಬರೆದದ್ದು. ನಮ್ಮ ಧರ್ಮಪತ್ನಿ ಪಕ್ಷವಾತಕ್ಕೆ ತುತ್ತಾಗಿ ಎರಡು ವರ್ಷ ಹಾಸಿಗೆಯಲ್ಲಿಯೂ ಗಾಲಿಕುರ್ಚಿಯಲ್ಲಿಯೂ ಕಳೆದಳು. ಬಲಗೈ ಪೂರ್ತಿ ಹೋಗಿತ್ತು. ಮಾತು ಅರ್ಧ ಉಳಿದಿತ್ತು. ಐವತ್ತು ವರ್ಷ ಒಂದು ಮುಂಜಾವವೂ ತಪ್ಪದೆ ತಲೆ ಬಾಚಿ ತುರುಬು ಕಟ್ಟಿಕೊಂಡು ಅಡುಗೆಮನೆಗೆ ಕಾಲಿಟ್ಟವಳು. ಹೆಣ್ಣುಮಕ್ಕಳಿಬ್ಬರೂ ದೂರದ ಊರುಗಳಲ್ಲಿ. ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಆಕೆ ಎಡಗೈಯಿಂದ ದಿಂಬಿನ ಬಳಿ ಏನನ್ನೋ ಹುಡುಕಿದಳು. ನೀರು ಕೊಟ್ಟೆವು, ಕನ್ನಡಕ ಕೊಟ್ಟೆವು. ಬೇಕಾಗಿದ್ದದ್ದು ಬಾಚಣಿಗೆ.

ಎಪ್ಪತ್ತರ ಹೊಸ್ತಿಲಲ್ಲಿ ನಾವು ಒಂದು ವಿದ್ಯೆ ಕಲಿಯಬೇಕಾಯಿತು. ಅದರ ವಿವರಗಳನ್ನು ಬರೆಯಲು ಸಂಕೋಚವಿಲ್ಲ. ಇದನ್ನು ಓದುವ ಗಂಡಸರಲ್ಲಿ ಕೆಲವರಿಗಾದರೂ ಬೇಕಾಗಬಹುದು. ವಯಸ್ಸಾದಂತೆ ಕೂದಲಿನ ಎಳೆ ಸಪೂರವಾಗುತ್ತದೆ, ನೆತ್ತಿಯಲ್ಲಿ ಜಿಡ್ಡು ಕಡಿಮೆಯಾಗುತ್ತದೆ. ಹಾಗಾಗಿ ಎಳೆಗಳು ಒಣಗಿ ಗಾಳಿಗೆ ಹಾರುತ್ತವೆ, ಎಳೆದರೆ ತುಂಡಾಗುತ್ತವೆ. ಮೊದಲ ವಾರ ನಾವು ಎಂದಿನಂತೆ ಅಂಗೈ ತುಂಬ ತೆಂಗಿನೆಣ್ಣೆ ಸುರಿದೆವು. ಇದ್ದ ನಾಲ್ಕು ಎಳೆಗಳೂ ನೆತ್ತಿಗೆ ಅಂಟಿ, ನಡುವೆ ಚರ್ಮ ಹೊಳೆಯತೊಡಗಿತು, ದಿಂಬೆಲ್ಲ ಜಿಡ್ಡಾಯಿತು. ಬೆರಳ ತುದಿಗೆ ಎರಡು ಹನಿ ಸಾಕು, ಅದೂ ಬುಡಕ್ಕಲ್ಲ, ತುದಿಗೆ. ತಲೆ ತೊಳೆಯಲು ಸಾಬೂನು ಆಗದು. ನಮ್ಮ ಕಡೆಯ ಹಳೆಯ ಕ್ರಮದಂತೆ ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿದರೆ, ಮಲಯಾಳಿಗಳು ತಾಳಿ ಎನ್ನುವುದೂ ಇಂಥದ್ದನ್ನೇ, ಕೂದಲು ಮೆತ್ತಗೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಒದ್ದೆ ತಲೆಯನ್ನು ಬೈರಾಸಿನಿಂದ ತಿಕ್ಕಬಾರದು, ಒತ್ತಿ ನೀರು ತೆಗೆಯಬೇಕು. ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಆರಂಭಿಸಿ ಮೇಲೇರಬೇಕು. ಬುಡದಿಂದ ಎಳೆದರೆ ನೋವು. ಪ್ರತಿದಿನ ಒಂದೇ ಜಾಗದಲ್ಲಿ ಬೈತಲೆ ತೆಗೆದರೆ ಅಲ್ಲಿಯೇ ನೆತ್ತಿ ತೋರುತ್ತದೆ, ಸ್ವಲ್ಪ ಅತ್ತಿತ್ತ ಸರಿಸಿದರೆ ಕೂದಲು ದಟ್ಟವಾಗಿ ಕಾಣುತ್ತದೆ. ತುರುಬನ್ನು ಕೆಳಗೆ, ಸಡಿಲವಾಗಿ ಕಟ್ಟಬೇಕು. ಮಲಗಿದಾಗ ಪಿನ್ನು ಒತ್ತಬಾರದು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಆ ಐದು ನಿಮಿಷಕ್ಕೆ ಬೇಕಾದ ಕೈಹದ ಬರಲು ನಮಗೆ ಎರಡು ತಿಂಗಳು ಹಿಡಿಯಿತು.

ಆಕೆ ಕನ್ನಡಿ ಕೇಳುತ್ತಿರಲಿಲ್ಲ. ಎಡಗೈಯಿಂದ ಒಮ್ಮೆ ನೆತ್ತಿಯನ್ನು, ಒಮ್ಮೆ ಕತ್ತಿನ ಹಿಂಬದಿಯನ್ನು ಸವರಿ ನೋಡುತ್ತಿದ್ದಳು. ಸರಿಯಾಗಿಲ್ಲದಿದ್ದರೆ ಸುಮ್ಮನೆ ಕೈಯನ್ನು ಅಲ್ಲಿಯೇ ಇಟ್ಟುಕೊಳ್ಳುವಳು. ನಾವು ಬಿಚ್ಚಿ ಮತ್ತೆ ಕಟ್ಟಬೇಕು. ಒಂದು ಮಳೆಗಾಲದ ಬೆಳಿಗ್ಗೆ, ಮೂರನೆಯ ಸಲ ಬಿಚ್ಚಿಸಿದಾಗ ನಮಗೆ ಸಹನೆ ಮೀರಿತು. "ಈ ಮಳೆಯಲ್ಲಿ ಯಾರು ಬರುತ್ತಾರೆಂದು ಇಷ್ಟೆಲ್ಲ?" ಎಂದುಬಿಟ್ಟೆವು. ಆಕೆ ತೊದಲುತ್ತ, ಆದರೆ ಸ್ಪಷ್ಟವಾಗಿ ಹೇಳಿದಳು: "ಹಾಲಿನವ."

ಹಾಲಿನವ ದಿನವೂ ಬರುತ್ತಿದ್ದ. ಗೇಟಿನ ಬಳಿ ಪಾತ್ರೆಗೆ ಹಾಲು ಹೊಯ್ದು, ಕಿಟಕಿಯತ್ತ ನೋಡಿ, "ಅಮ್ಮ ಹೇಗಿದ್ದಾರೆ?" ಎಂದು ಕೇಳಿ ಹೋಗುತ್ತಿದ್ದ. ನಮ್ಮ ಲೆಕ್ಕದಲ್ಲಿ ಅದು ಯಾರೋ ಬಂದಂತೆ ಆಗಿರಲಿಲ್ಲ. ಬರುವವರೆಂದರೆ ಸಂಘದ ಅಧ್ಯಕ್ಷರು, ಬಂಧುಗಳು, ಹಳೆಯ ಶಿಷ್ಯರು. ನಾವು ಬೀದಿಯಲ್ಲಿ ಕೆದರಿದ ತಲೆಯಲ್ಲಿ ತಿರುಗುತ್ತಿದ್ದಾಗ ನಮ್ಮ ವೈರಾಗ್ಯವನ್ನು ಯಾರಿಗೆ ತೋರಿಸುತ್ತಿದ್ದೆವೋ, ಆ ಪಟ್ಟಿಯಲ್ಲಿಯೂ ಹಾಲಿನವ ಇರಲಿಲ್ಲ. ಆಕೆಯ ಪಟ್ಟಿ ನಮ್ಮದಕ್ಕಿಂತ ದೊಡ್ಡದಿತ್ತು.

ಎರಡನೆಯ ವರ್ಷ ಆಕೆಯ ಕೂದಲನ್ನು ಕತ್ತರಿಸಿಬಿಡುವ ಮಾತು ಬಂತು. ಮನೆಗೆ ಬರುತ್ತಿದ್ದ ದಾದಿಯೂ ಹೆಣ್ಣುಮಕ್ಕಳೂ ಒಂದೇ ಅಭಿಪ್ರಾಯದವರು: ಗಿಡ್ಡ ಮಾಡಿದರೆ ತೊಳೆಯುವುದು ಸುಲಭ, ಒಣಗುವುದು ಬೇಗ, ಗಂಟಾಗುವುದಿಲ್ಲ, ಅಪ್ಪನಿಗೂ ಶ್ರಮ ಉಳಿಯುತ್ತದೆ. ಎಲ್ಲವೂ ಸರಿಯಾದ ಮಾತೇ. ಸಪೂರವಾದ ಬಿಳಿಗೂದಲು ಉದ್ದವಿದ್ದಷ್ಟೂ ತನ್ನ ಭಾರಕ್ಕೇ ಜೋತುಬೀಳುತ್ತದೆ, ಗಿಡ್ಡವಾದರೆ ತಾನಾಗಿ ಎದ್ದು ತುಂಬಿಕೊಂಡಂತೆ ಕಾಣುತ್ತದೆ ಎಂದು ಕಿರಿಯ ಮಗಳು ಚಿತ್ರಗಳನ್ನೂ ಕಳುಹಿಸಿದಳು. ನಮಗೆ ಮಾತ್ರ ಹಿತ್ತಿಲಿನ ತೆಂಗಿನ ಬುಡ ಕಣ್ಣಿಗೆ ಕಟ್ಟಿತು. ಹಾಸಿಗೆ ಹಿಡಿದ, ಅಡ್ಡಹೇಳಲು ಬಾಯಿ ಬಾರದ ಹೆಂಗಸಿನ ಕೂದಲನ್ನು ಉಳಿದವರ ಅನುಕೂಲಕ್ಕೆ ಕತ್ತರಿಸುವುದು ಎಂದರೇನು? ಶ್ರಮ ಕಡಿಮೆಯಾಗುವುದು ಯಾರದು? ನಾವು ಕಠಿಣವಾಗಿಯೇ ಬೇಡವೆಂದೆವು. ಹಾಗೆನ್ನುವಾಗ ಆಕೆಯನ್ನು ಕೇಳಿರಲಿಲ್ಲವೆಂಬುದು ನಮಗೆ ಹೊಳೆಯಲಿಲ್ಲ. ಕತ್ತರಿಸೋಣವೆಂದವರೂ ಕೇಳಿರಲಿಲ್ಲ, ಬೇಡವೆಂದ ನಾವೂ ಕೇಳಿರಲಿಲ್ಲ.

ಕೇಳಿದವಳು ಹಿರಿಯ ಮಗಳು, ಫೋನಿನಲ್ಲಿ. ಆಕೆ ಉತ್ತರ ಕೊಡಲು ಮೂರು ವಾರ ತೆಗೆದುಕೊಂಡಳು. ಆ ಮೂರು ವಾರ ನಾವು ಎಂದಿನಂತೆ ತುರುಬು ಕಟ್ಟುತ್ತಿದ್ದೆವು, ಆಕೆ ಎಂದಿನಂತೆ ಸವರಿ ನೋಡುತ್ತಿದ್ದಳು. ಒಂದು ದಿನ ತುರುಬಿನ ಮೇಲೆ ಕೈಯಿಟ್ಟು, ಎರಡು ಬೆರಳುಗಳನ್ನು ಕತ್ತರಿಯಂತೆ ಆಡಿಸಿ ತೋರಿಸಿದಳು. ಪೇಟೆಯ ಬ್ಯೂಟಿ ಪಾರ್ಲರಿನ ಹೆಣ್ಣುಮಗಳೊಬ್ಬಳು ಮನೆಗೆ ಬಂದಳು. ಅರ್ಧ ತುಳು, ಅರ್ಧ ಮಲಯಾಳದಲ್ಲಿ ಇಬ್ಬರ ಮಾತು ನಡೆಯಿತು. ಎಷ್ಟು ಉದ್ದ ಇರಬೇಕೆಂದು ಆ ಹುಡುಗಿ ಪ್ರತಿ ಸಲ ಬೆರಳಿನಿಂದ ಅಳೆದು ಕೇಳಿ, ಒಪ್ಪಿಗೆ ಸಿಕ್ಕಿದ ಮೇಲೆಯೇ ಕತ್ತರಿ ಆಡಿಸಿದಳು. ಕಿವಿ ಅರ್ಧ ಮುಚ್ಚುವಷ್ಟು, ಹಿಂದೆ ಕತ್ತಿನವರೆಗೆ. ಮುಗಿದ ಮೇಲೆ ನಮ್ಮ ಧರ್ಮಪತ್ನಿ ಕತ್ತಿನ ಹಿಂಬದಿಯನ್ನು ಸವರಿಕೊಂಡು, ಪಕ್ಷವಾತ ಬಂದಲ್ಲಿಂದ ಮೊದಲ ಸಲ ಬಾಯಿ ತುಂಬ ನಕ್ಕಳು. ಆ ದಿನ ಕನ್ನಡಿಯನ್ನೂ ಕೇಳಿದಳು. ಬಾಚಣಿಗೆಯಿಂದ ನಾಲ್ಕು ಸಲ ಎಳೆದರೆ ಸಾಕು, ತಲೆ ನೇರವಾಗುತ್ತಿತ್ತು. ಆ ನಾಲ್ಕನ್ನು ತನ್ನ ಎಡಗೈಯಿಂದಲೇ ಎಳೆಯಬಲ್ಲವಳಾದಳು. ನಮ್ಮ ಐದು ನಿಮಿಷದ ನೌಕರಿ ಹೋಯಿತು. ಹೋದುದಕ್ಕೆ ನಮಗೆ ಸ್ವಲ್ಪ ಬೇಸರವೇ ಆಯಿತೆಂಬುದನ್ನೂ ಬಚ್ಚಿಡುವುದಿಲ್ಲ. ಆ ಬಳಿಕ ಏಳು ತಿಂಗಳು ಇದ್ದಳು.

ಅಜ್ಜಿಯ ತಲೆಗೂ ಈಕೆಯ ತಲೆಗೂ ಲೋಹದ ಅಲಗು ತಾಗಿತು. ಹೊರಗಿನಿಂದ ನೋಡುವವರಿಗೆ ಎರಡರಲ್ಲಿಯೂ ಕೂದಲು ಹೋದುದೇ ಕಾಣುತ್ತದೆ. ಒಂದರಲ್ಲಿ ಅಲಗು ಆಕೆಯನ್ನು ಅಡುಗೆಮನೆಯ ಹಿಂಬಾಗಿಲಿಗೆ ತಳ್ಳಿತು, ಇನ್ನೊಂದರಲ್ಲಿ ಬಾಚಣಿಗೆಯನ್ನು ಆಕೆಯ ಕೈಗೇ ಮರಳಿಸಿತು. ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವನ್ನು ಕುರಿತು ಬರೆಯುವಾಗ, ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟರೆ ನಗೆಪಾಟಲಲ್ಲವೇ ಎಂದು ಕೇಳಿದ. ಅದು ಎಲ್ಲಿ ತೊಡಬೇಕೆಂಬ ಪ್ರಶ್ನೆ. ಯಾರ ಇಚ್ಛೆಯಿಂದ ಎಂಬ ಪ್ರಶ್ನೆಯನ್ನು ಅವನ ಪಟ್ಟಿಗೆ ಸೇರಿಸಬೇಕೆಂದು ನಮಗೆ ತೋರುತ್ತದೆ. ಅಲಂಕಾರಶಾಸ್ತ್ರಜ್ಞರು ಕ್ಷಮಿಸಬೇಕು.

ಇದೇ ಪ್ರಶ್ನೆಯನ್ನು ನಮ್ಮ ಸಂಘಗಳಿಗೂ ಕೇಳಬಹುದು. ಒಂದು ಮಾತಿನಲ್ಲಿ ಮುಗಿಸುತ್ತೇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಾವು ಒಂದನೆಯ ತರಗತಿಯ ಮಕ್ಕಳು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಬೇಕೆಂದಾಗ ಮೆರವಣಿಗೆಯಲ್ಲಿ ಘೋಷಣೆ ಕೂಗಿದ ಕರಿಯ ತಲೆಗಳೇ ಇಂದು ಸಭಾಂಗಣದಲ್ಲಿ ಬಿಳಿಯ ತಲೆಗಳಾಗಿ ಕುಳಿತಿವೆ. ಆದರೆ ಆಮಂತ್ರಣ ಪತ್ರಿಕೆಗಳ ಮುಖಪುಟದಲ್ಲಿ ಪ್ರತಿವರ್ಷ ಅಚ್ಚಾಗುವುದು ಕುಣಿಯುವ ಮಕ್ಕಳ ಚಿತ್ರ. ಆ ಮಕ್ಕಳು ಬೆಳಗಿನ ಸ್ವಾಗತಗೀತೆ ಮುಗಿಸಿ, ಉಪಾಹಾರದ ಪೊಟ್ಟಣ ಹಿಡಿದು ಮನೆಗೆ ಹೋಗಿರುತ್ತಾರೆ. ಇದೂ ಒಂದು ಬಣ್ಣ. ಬುಡದ ಬಿಳಿ ಎರಡೇ ವಾರದಲ್ಲಿ ಕಾಣುತ್ತದೆ. ನಮ್ಮ ನರೆಯನ್ನು ಒಪ್ಪಿಕೊಂಡು, ಅದನ್ನು ಚೊಕ್ಕಟವಾಗಿ ಬಾಚಿಕೊಂಡು, ಮಕ್ಕಳಿಗೆ ಮಧ್ಯಾಹ್ನದ ಗೋಷ್ಠಿಯಲ್ಲಿ ಏನು ಬೇಕೆಂದು ಅವರನ್ನೇ ಕೇಳುವ ಸಂಘವೊಂದಿದ್ದರೆ ಅದರ ಆಜೀವ ಸದಸ್ಯತ್ವದ ಹಣ ಕಟ್ಟಲು ನಾವು ಸಿದ್ಧ.

ಈಗ ನಾವು ತಿಂಗಳಿಗೊಮ್ಮೆ ಕ್ಷೌರದಂಗಡಿಗೆ ಹೋಗುತ್ತೇವೆ. ಬದಿಗಳನ್ನು ಗಿಡ್ಡ ಮಾಡಿಸಿ ಮೇಲೆ ಸ್ವಲ್ಪ ಉಳಿಸಿದರೆ ಬೆಳಿಗ್ಗೆ ಒದ್ದೆ ಕೈಯಾಡಿಸಿದರೂ ಸಾಕೆಂದು ಕಲಿಸಿದವನು ಅಲ್ಲಿಯ ತರುಣ. "ಬಣ್ಣ ಹಾಕಲೇ ಮಾಷ್ಟ್ರೇ?" ಎಂದು ಪ್ರತಿ ಸಲವೂ ಕೇಳುತ್ತಾನೆ, ಬೇಡವೆಂದರೆ ಪ್ರತಿ ಸಲವೂ ನಗುತ್ತಾನೆ. ಹಾಲಿನವ ಬರುವ ಮೊದಲು ತಲೆ ಬಾಚಿಕೊಳ್ಳುವ ಕ್ರಮ ಮನೆಯಲ್ಲಿ ಮುಂದುವರಿದಿದೆ.

ಶಿಷ್ಯರು ಕೇಳಿದ ಬೇರೆಯ ಭಾವಚಿತ್ರವನ್ನು ರಜೆಯಲ್ಲಿ ಬಂದಿದ್ದ ಮೊಮ್ಮಗನಿಂದ ಜಗಲಿಯಲ್ಲಿಯೇ ತೆಗೆಸಿದೆವು. ಚಿತ್ರವೇನೋ ಚೆನ್ನಾಗಿ ಬಂತು. ನೆತ್ತಿಯ ಹಿಂದೆ ಒಂದು ಬಿಳಿಯ ಕುಚ್ಚು ಮಾತ್ರ ಎದ್ದು ನಿಂತಿತ್ತು. "ಇದನ್ನು ಫೋನಿನಲ್ಲಿಯೇ ಅಳಿ‌ಸಬಹುದು ಅಜ್ಜ" ಎಂದ. ಬೇಡವೆಂದು ಒಳಗೆ ಹೋಗಿ, ಬಾಚಣಿಗೆಗೆ ನೀರು ಮುಟ್ಟಿಸಿ, ಆ ಕುಚ್ಚನ್ನು ಕೂರಿಸಿಕೊಂಡು ಬಂದು ಇನ್ನೊಂದು ಚಿತ್ರ ತೆಗೆಸಿದೆವು. ಅದನ್ನೇ ಕಳುಹಿಸಿದ್ದೇವೆ.